ಓಶ್‌ನಲ್ಲಿ ನಾನಿರೋ ಮನೆ ಹುಡುಗಿ ಬ್ರಿಟನ್ನಿಗೆ ಸ್ಟ್ರಾಬೆರಿ ಕೀಳೋಕೆ ಹೊರಟಿದಾಳೆ, ಏಜೆಂಟ್ ದುಡ್ಡು ಕೇಳ್ತಿದಾನೆ, ಏನ್ ಮಾಡ್ಲಿ?

ಬೆಣ್ಣೆದೋಸೆ_ಓಶ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ, ಇದನ್ನ ಕೇಳೋಕೆ ನಂಗೆ ಬೇರೆ ಯಾರೂ ಗೊತ್ತಿಲ್ಲ.

ನಾನು ದಾವಣಗೆರೆ ಕಡೆಯವಳು, ಕಿರ್ಗಿಸ್ತಾನದ ಓಶ್‌ನಲ್ಲಿ ಎಂಬಿಬಿಎಸ್ ನಾಲ್ಕನೇ ವರ್ಷ. ಮೊದಲೆರಡು ವರ್ಷ ಹಾಸ್ಟೆಲ್‌ನಲ್ಲಿದ್ದೆ, ಆಮೇಲೆ ನಾನೂ ರೂಮ್‌ಮೇಟೂ ಸೇರ್ಕೊಂಡು ಒಂದು ಮನೆ ಹಿಂಬದಿ ಎರಡು ರೂಮು ಬಾಡಿಗೆಗೆ ತಗೊಂಡ್ವಿ. ಓನರ್ ಅರವತ್ತು ದಾಟಿದ ಹೆಂಗಸು, ಬೀದಿಯವರೆಲ್ಲ ಅಪಾ ಅಂತಾರೆ, ನಾವೂ ಹಂಗೇ ಕರೀತೀವಿ, ಅಪಾ ಅಂದ್ರೆ ಇಲ್ಲಿ ಅಮ್ಮ. ನಂಗೆ ಟೈಫಾಯ್ಡ್ ಆದಾಗ ಹನ್ನೆರಡು ದಿನ ಗಂಜಿ ಕಾಯಿಸಿ ಕೊಟ್ಟವರು ಅವರು, ಅದಕ್ಕೇ ಈ ವಿಷಯ ನಂಗೆ ಬೇರೆಯವರ ಮನೆ ವಿಷಯ ಅನ್ನಿಸೋದೇ ಇಲ್ಲ.

ಮನೇಲಿ ಈಗಿರೋದು ಅಪಾ, ಮೂರು ಮೊಮ್ಮಕ್ಕಳು, ಕೊನೇ ಮಗಳು (21 ವರ್ಷ). ದೊಡ್ಡ ಮಗ ಸೊಸೆ ಮಾಸ್ಕೋಗೆ ಹೋಗಿ ಏಳು ವರ್ಷ ಆಯ್ತು, ಅವನು ಟ್ಯಾಕ್ಸಿ ಓಡಿಸ್ತಾನೆ, ಅವಳು ಒಂದು ಹೋಟೆಲ್ ಅಡುಗೆಮನೇಲಿ. ಎರಡನೇ ಮಗಳೂ ಅಲ್ಲೇ, ಗೋಡೌನ್‌ನಲ್ಲಿ ಪ್ಯಾಕಿಂಗ್. ಮೊಮ್ಮಕ್ಕಳಲ್ಲಿ ಚಿಕ್ಕವನು ಹುಟ್ಟಿದ್ದೇ ಮಾಸ್ಕೋದಲ್ಲಿ, ಎಂಟು ತಿಂಗಳಿದ್ದಾಗ ತಂದು ಅಪಾ ಮಡಿಲಿಗೆ ಹಾಕಿ ಹೋದ್ರಂತೆ, ಈಗ ಅವನಿಗೆ ಐದು ವರ್ಷ. ಭಾನುವಾರ ಸಂಜೆ ವಿಡಿಯೋ ಕಾಲ್ ಇರತ್ತೆ. ಅಪಾ ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಎಲ್ಲರನ್ನೂ ಅದರ ಮುಂದೆ ಕೂರಿಸ್ತಾರೆ, ಈ ಹುಡುಗ ಮಾತ್ರ ಒಂದು ನಿಮಿಷಕ್ಕೆ ಎದ್ದು ಕರು ಹತ್ರ ಓಡೋಗ್ತಾನೆ. ಅವನು ಅವರಮ್ಮನ್ನ ಕರೆಯೋದು "ಎಜೆ" ಅಂತ. ಎಜೆ ಅಂದ್ರೆ ಅಕ್ಕ. ಅಪಾ ಅನ್ನೋ ಮಾತು ಅಜ್ಜಿಗೆ ಹೋಗ್ಬಿಟ್ಟಿದೆ. ಇಲ್ಲಿ ಅಜ್ಜಿ ಸಾಕಿದ ಮಕ್ಕಳು ಹಂಗೇ ಕರೆಯೋದು ಮಾಮೂಲು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆ ಕಡೆಯಿಂದ ಅವರಮ್ಮ ಸ್ಕ್ರೀನ್‌ನಲ್ಲಿ ನಗ್ತಾ ಕೂತಿರೋದನ್ನ ನೋಡಿದ್ರೆ ನಂಗೆ ಅಲ್ಲಿ ನಿಲ್ಲೋಕಾಗಲ್ಲ, ಬಟ್ಟೆ ತೆಗೀಬೇಕು ಅಂತ ಹೊರಗೆ ಬಂದ್ಬಿಡ್ತೀನಿ.

ಬರೀ ಈ ಮನೆ ಅಲ್ಲ. ನಮ್ಮ ಬೀದೀಲಿ ಇಪ್ಪತ್ತೈದು ಮೂವತ್ತರ ಗಂಡಸರು ಒಟ್ಟಿಗೆ ಕಾಣಬೇಕಂದ್ರೆ ಯಾರ ಮನೇಲಾದ್ರೂ ಮದುವೆ ಆಗ್ಬೇಕು, ಇಲ್ಲ ಸಾವಾಗ್ಬೇಕು. ಮನೆಗಳು ಮಾತ್ರ ಚೆನ್ನಾಗಿವೆ, ಹೊಸ ಶೀಟು, ಹೊಸ ಕಬ್ಬಿಣದ ಗೇಟು, ಒಳಗೆ ಮುದುಕರು ಮಕ್ಕಳು.

ಈಗ ವಿಷಯ. ಕೊನೇ ಮಗಳಿಗೆ ಒಬ್ಬ ಏಜೆಂಟ್ ಸಿಕ್ಕಿದಾನೆ. ಬ್ರಿಟನ್‌ನಲ್ಲಿ ಸ್ಟ್ರಾಬೆರಿ ತೋಟದ ಕೆಲಸ, ಆರು ತಿಂಗಳು, ಕೈತುಂಬ ಸಂಬಳ, 1,20,000 ಸೋಮ್ ಕೊಟ್ರೆ ವೀಸಾ ಗ್ಯಾರಂಟಿ ಅಂತಾನೆ. ಇಲ್ಲಿ ಸೋಮ್ ಹೆಚ್ಚುಕಮ್ಮಿ ನಮ್ಮ ರೂಪಾಯಿಗೆ ಸಮ, ಅಂದ್ರೆ ಲಕ್ಷದ ಮೇಲಾಯ್ತು. ಇಂಗ್ಲಿಷ್ ಪೇಪರ್ ಕೊಟ್ಟಿದಾನೆ, ಮನೇಲಿ ಇಂಗ್ಲಿಷ್ ಬರೋದು ನಮ್ಗೆ ಮಾತ್ರ ಅಂತ ಅಪಾ ತಂದು ನನ್ನ ಕೈಗಿಟ್ರು. ಅದ್ರಲ್ಲಿ ತೋಟದ ಹೆಸರೂ ಇಲ್ಲ, ಕಂಪನಿ ಅಡ್ರೆಸ್ಸೂ ಇಲ್ಲ, ಬರೀ ಒಂದು ಧ್ವಜದ ಚಿತ್ರ. ಅವಳ ಅಣ್ಣ ಮಾಸ್ಕೋದಿಂದ, ಇದೆಲ್ಲ ಬೇಡ ಇಲ್ಲಿಗೇ ಬಾ, ಅಕ್ಕನ ಗೋಡೌನ್‌ನಲ್ಲೇ ಕೆಲಸ ಇದೆ ಅಂತಾನೆ. ಅಪಾಗೆ ಮಾಸ್ಕೋ ಅಂದ್ರೆ ಈಗ ಭಯ.

ನನ್ನ ಪ್ರಶ್ನೆ: ಬ್ರಿಟನ್ ಕೆಲಸ ನಿಜವಾಗ್ಲೂ ಇದೆಯಾ ಇಲ್ಲ ಪೂರ್ತಿ ಮೋಸಾನಾ? ಮಾಸ್ಕೋ ಈಗ ಹೆಂಗಿದೆ, ಒಂಟಿ ಹುಡುಗಿ ಹೋಗ್ಬಹುದಾ? ಇನ್ನೊಂದು, ಇದು ನಂಗೇ ಅರ್ಥ ಆಗ್ಬೇಕಿರೋದು: ಇಲ್ಲಿ ನೀರಿದೆ, ಹಣ್ಣಿದೆ, ಕುರಿ ದನ ಇದೆ, ಓದು ಬರಹ ಬರದವರೇ ಸಿಗಲ್ಲ, ಆದ್ರೂ ಮನೆಮನೆಯಿಂದ ಯಾಕೆ ಹಿಂಗೆ ಹೋಗ್ತಾರೆ?

ಶಿವಮೊಗ್ಗ_ಟು_ಮಾಸ್ಕೋ:

ತಂಗಿ, ಮಾಸ್ಕೋ ಬಗ್ಗೆ ನಾನು ಹೇಳ್ತೀನಿ. ಇಲ್ಲಿ ಔಷಧಿ ಕಂಪನಿ ಕೆಲಸದಲ್ಲಿ ಆರು ವರ್ಷದಿಂದ ಇದೀನಿ.

ಮೊದಲು ಒಂದು ವ್ಯತ್ಯಾಸ ತಿಳ್ಕೋ, ಎಷ್ಟೋ ಜನ ಮಧ್ಯ ಏಷ್ಯಾದವರೆಲ್ಲ ಒಂದೇ ಅಂದ್ಕೊಂಡಿದಾರೆ. ನಮ್ಮ ಅಪಾರ್ಟ್‌ಮೆಂಟ್ ಅಂಗಳದಲ್ಲಿ ಬೆಳಗ್ಗೆ ಐದಕ್ಕೆ ಸಲಿಕೆ ಸದ್ದು ಶುರುವಾಗತ್ತೆ, ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು ಹಿಮ ಎತ್ತೋರು. ಅವರಲ್ಲಿ ಒಬ್ಬ ತಜಿಕಿಸ್ತಾನದವನು, ಒಬ್ಬ ಕಿರ್ಗಿಸ್ತಾನದವನು. ಒಂದೇ ಸಲಿಕೆ, ಒಂದೇ ಕೆಲಸ, ಆದ್ರೆ ಕಾಗದ ಬೇರೆ. ತಜಿಕ್‌ನವನಿಗೆ "ಪಟೆಂಟ್" ಅಂತ ಒಂದು ಪರ್ಮಿಟ್ ಬೇಕು, ದೇಶಕ್ಕೆ ಬಂದ 30 ದಿನದೊಳಗೆ ಅರ್ಜಿ ಹಾಕ್ಬೇಕು, ರಷ್ಯನ್ ಭಾಷೆ, ಚರಿತ್ರೆ, ಕಾನೂನು ಪರೀಕ್ಷೆ, ಮೆಡಿಕಲ್ ಚೆಕಪ್, ಬೆರಳಚ್ಚು. ಅದಾದ್ಮೇಲೆ ಪ್ರತಿ ತಿಂಗಳೂ ಮುಂಗಡ ಕಟ್ಬೇಕು, ಮಾಸ್ಕೋದಲ್ಲಿ 2015ರಲ್ಲಿ ತಿಂಗಳಿಗೆ 4,000 ರೂಬಲ್ ಇತ್ತು, 2025ರಲ್ಲಿ 8,900. ಆ ತಿಂಗಳು ಕೆಲಸ ಸಿಕ್ಲಿ ಬಿಡ್ಲಿ ಕಟ್ಲೇಬೇಕು, ಒಂದು ತಿಂಗಳು ತಪ್ಪಿದ್ರೆ ಕಾಗದ ರದ್ದು. ಕಿರ್ಗಿಸ್ತಾನ 2015ರ ಆಗಸ್ಟ್‌ನಲ್ಲಿ ರಷ್ಯಾ ಇರೋ ಯುರೇಷಿಯನ್ ಆರ್ಥಿಕ ಒಕ್ಕೂಟಕ್ಕೆ ಸೇರ್ತು, ಅಲ್ಲಿಂದ ಅವರಿಗೆ ಪಟೆಂಟ್ ಇಲ್ಲ, ಕೆಲಸದ ಕರಾರು ಪತ್ರ ಒಂದಿದ್ರೆ ಸಾಕು, ಅದಿರೋ ತನಕ ಮನೆಯವರೂ ಜೊತೇಲಿರಬಹುದು. ನಿಮ್ಮ ಅಪಾ ಮನೆಯವರು ಏಳು ವರ್ಷ ನಿಂತಿದಾರೆ ಅಂದ್ರೆ ಅದು ಈ ಕಾಗದದ ಬಲ.

ಆದ್ರೆ 2024ರ ಮಾರ್ಚ್ 22 ಆದ್ಮೇಲೆ ಗಾಳಿಯೇ ಬದಲಾಯ್ತು. ಮಾಸ್ಕೋ ಹತ್ರದ ಕ್ರೋಕಸ್ ಸಿಟಿ ಹಾಲ್ ಅನ್ನೋ ಸಂಗೀತ ಸಭಾಂಗಣದ ಮೇಲಿನ ದಾಳೀಲಿ 140ಕ್ಕೂ ಹೆಚ್ಚು ಜನ ಸತ್ರು, ಹಿಡಿದ ಮುಖ್ಯ ಆರೋಪಿಗಳು ತಜಿಕಿಸ್ತಾನದವರು. ಮಾಡಿದವರು ಬೆರಳೆಣಿಕೆ, ಅನುಭವಿಸಿದವರು ಲಕ್ಷಾಂತರ. ಏರ್‌ಪೋರ್ಟ್‌ನಲ್ಲಿ ದಿನಗಟ್ಟಲೆ ಕೂರಿಸಿ ವಾಪಸ್ ಕಳಿಸಿದ್ರು, ಮೆಟ್ರೋದಲ್ಲಿ ಮುಖ ನೋಡಿ ನಿಲ್ಲಿಸೋದು, ಮಾರ್ಕೆಟ್ ಹಾಸ್ಟೆಲ್ ಮೇಲೆ ರೇಡು. ಕಿರ್ಗಿಸ್ತಾನದವರನ್ನೂ ಬಿಡ್ಲಿಲ್ಲ, 2025ರ ಏಪ್ರಿಲ್‌ನಲ್ಲಿ ಮಾಸ್ಕೋದ ಒಂದು ಸ್ನಾನಗೃಹಕ್ಕೆ ನುಗ್ಗಿ ಅವರನ್ನ ನಡೆಸ್ಕೊಂಡ ರೀತಿಗೆ ಅವರ ವಿದೇಶಾಂಗ ಇಲಾಖೆಯೇ ಪ್ರತಿಭಟನೆ ಹೇಳ್ತು. 2025ರ ಫೆಬ್ರವರಿ 5ರಿಂದ ಹೊಸ ಪಟ್ಟಿ ಬಂದಿದೆ, ಕಾಗದದಲ್ಲಿ ಏನೋ ಕೊರತೆ ಇದ್ರೆ ಹೆಸರು ಅದ್ರಲ್ಲಿ ಬೀಳತ್ತೆ, ಬಿದ್ರೆ ಗಾಡಿ ಓಡಿಸೋ ಹಾಗಿಲ್ಲ, ಮದುವೆ ನೋಂದಣಿ ಆಗಲ್ಲ, ಬ್ಯಾಂಕ್ ಖಾತೆಗೂ ಕಟ್ಟುಪಾಡು. ಎಷ್ಟೋ ಜನಕ್ಕೆ ತಮ್ಮ ಹೆಸರು ಯಾಕೆ ಬಂತು ಅಂತಾನೇ ಗೊತ್ತಿಲ್ಲ. 2025ರ ಏಪ್ರಿಲ್ 1ರಿಂದ ಮಕ್ಕಳನ್ನ ಸ್ಕೂಲಿಗೆ ಸೇರಿಸ್ಬೇಕಂದ್ರೂ ರಷ್ಯನ್ ಭಾಷೆ ಪರೀಕ್ಷೆ ಪಾಸಾಗ್ಬೇಕು. ಐದು ವರ್ಷದ ಆ ಹುಡುಗನ್ನ ಅವರಮ್ಮ ಇನ್ನೂ ಯಾಕೆ ಕರೆಸ್ಕೊಂಡಿಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ ಇರ್ಬಹುದು.

ಅಣ್ಣ ರಷ್ಯನ್ ಪಾಸ್‌ಪೋರ್ಟ್ ತಗೊಂಡಿದಾನಾ ಕೇಳು. ತಗೊಂಡಿದ್ರೆ ಮಿಲಿಟರಿ ಕಚೇರೀಲಿ ಹೆಸರು ಬರೆಸಲೇಬೇಕು, ಬರೆಸದಿದ್ರೆ ಪೌರತ್ವಾನೇ ಕಿತ್ಕೊಳ್ಳೋ ಕಾನೂನು 2024ರಲ್ಲಿ ಬಂತು, ಬರೆಸಿದ್ರೆ ಯುದ್ಧದ ಭಯ. ಕಾಗದದ ಕಷ್ಟ ತಪ್ಪತ್ತೆ ಅಂತ ಪಾಸ್‌ಪೋರ್ಟ್ ತಗೊಂಡವರು ಈಗ ನಿದ್ದೆ ಮಾಡ್ತಿಲ್ಲ.

ಹುಡುಗಿ ಬರ್ಲೇಬೇಕು ಅಂದ್ರೆ: ಹೊರಡೋಕೆ ಮುಂಚೆ ಅವಳ ಹೆಸರು ಪ್ರವೇಶ ನಿಷೇಧದ ಪಟ್ಟೀಲಿ ಇದೆಯಾ ಅಂತ ಇಲ್ಲಿಯ ಗೃಹ ಇಲಾಖೆ ವೆಬ್‌ಸೈಟ್‌ನಲ್ಲಿ ನೋಡ್ಬೇಕು, ಕರಾರು ಪತ್ರ ಬರಹದಲ್ಲಿ ಬೇಕು, ನಿಜವಾಗಿ ಇರೋ ಮನೆ ಅಡ್ರೆಸ್‌ನಲ್ಲೇ ನೋಂದಣಿ ಆಗ್ಬೇಕು. "ರಬ್ಬರ್ ಮನೆ" ಅಂತಾರೆ ಇಲ್ಲಿ, ಒಂದು ರೂಮಿನ ಅಡ್ರೆಸ್‌ನಲ್ಲಿ ನೂರಾರು ಜನರ ಹೆಸರು ಬರೆಸಿರ್ತಾರೆ, ಆ ದಾರಿ ಬೇಡವೇ ಬೇಡ.

ಗೋಡೌನ್ ಅಂದೆಯಲ್ಲ, ಅದಕ್ಕೊಂದು ಮಾತು. 2016ರ ಆಗಸ್ಟ್ 27ಕ್ಕೆ ಮಾಸ್ಕೋದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ಗೋಡೌನ್‌ಗೆ ಬೆಂಕಿ ಬಿದ್ದು 17 ಜನ ಸತ್ರು, ಅದ್ರಲ್ಲಿ 14 ಜನ ಕಿರ್ಗಿಸ್ತಾನದವರು, ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಮಕ್ಕಳು. ಹೊಗೆ ತುಂಬಿ ಹೊರಗೆ ಬರೋಕಾಗ್ಲಿಲ್ಲ. ಅಕ್ಕನ ಗೋಡೌನ್‌ನಲ್ಲಿ ಇನ್ನೊಂದು ಬಾಗಿಲಿದೆಯಾ, ಅದಕ್ಕೆ ಬೀಗ ಹಾಕಿರ್ತಾರಾ ಅಂತ ಕೇಳೋಕೆ ಹೇಳು. ಹೆದರಿಸೋಕೆ ಹೇಳ್ತಿಲ್ಲ, ನನ್ನ ತಂಗಿ ಆಗಿದ್ರೂ ಇದನ್ನೇ ಕೇಳ್ತಿದ್ದೆ.

ಮೇಷ್ಟ್ರು_ಮೈಸೂರು:

ಮಗಳೇ, ನಿನ್ನ ಮೂರನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದೀನಿ, ವಲಸೆ ಅಂದ್ರೆ ನಂಗೆ ತುಂಬ ಆಸಕ್ತಿ.

ನೀನು ನೋಡ್ತಿರೋ ನೀರು, ಹಣ್ಣು, ಕುರಿ ನಿಜ. ಆದ್ರೆ 1991ಕ್ಕೆ ಮುಂಚೆ ಅವರ ಬದುಕು ನಿಂತಿದ್ದು ಬರೀ ಕುರಿ ಮೇಲಲ್ಲ, ಕುರಿ ಉಣ್ಣೆ ಮಾಸ್ಕೋಗೆ ಹೋಗಿ ಅಲ್ಲಿಂದ ಸಂಬಳ, ಗೋಧಿ, ಪೆಟ್ರೋಲು ಬರ್ತಿತ್ತಲ್ಲ ಆ ವ್ಯವಸ್ಥೆ ಮೇಲೆ. ಸೋವಿಯತ್ ಒಕ್ಕೂಟ ಒಡೆದ ದಿನ ಆ ಹಗ್ಗ ಕಡಿದುಹೋಯ್ತು. ಆಗ ದೇಶದಲ್ಲಿ ಸುಮಾರು ಒಂದು ಕೋಟಿ ಕುರಿ ಇದ್ವು, ಐದಾರು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ಆದ್ವು, ಸಾಮೂಹಿಕ ಫಾರಂ ಒಡೆದು ಹಂಚಿದಾಗ ಪಾಲಿಗೆ ಬಂದ ಕುರೀನ ಜನ ಮಾರಿದ್ರು, ಕಡಿದು ತಿಂದ್ರು, ಹಿಟ್ಟಿಗೆ ಬದಲು ಕೊಟ್ರು. ಕಾರ್ಖಾನೆಗಳು ಮುಚ್ಚಿದ್ವು. ಓಶ್ ಇರೋದು ಫರ್ಗಾನಾ ಕಣಿವೇಲಿ, ಅಲ್ಲಿ ಜನ ಜಾಸ್ತಿ ಭೂಮಿ ಕಡಿಮೆ, ಒಂದೊಂದು ಮನೆಗೆ ಸಿಕ್ಕಿದ್ದು ತುಂಡು ನೆಲ. ಅದಕ್ಕೇ ವಲಸೆ ಹೋಗೋರಲ್ಲಿ ಓಶ್, ಜಲಾಲಾಬಾದ್, ಬತ್ಕೆನ್, ಈ ದಕ್ಷಿಣದ ಪ್ರಾಂತ್ಯದವರೇ ಜಾಸ್ತಿ. 2010ರ ಜೂನ್‌ನಲ್ಲಿ ನಿಮ್ಮ ಓಶ್‌ನಲ್ಲೇ ಕಿರ್ಗಿಜರಿಗೂ ಉಜ್ಬೇಕರಿಗೂ ಗಲಭೆ ಆಗಿ 400ಕ್ಕೂ ಹೆಚ್ಚು ಜನ ಸತ್ರು, ಆಮೇಲೆ ಹೊಟ್ಟೆಪಾಡಿಗೆ ಅಲ್ಲ, ಜೀವಭಯಕ್ಕೆ ಹೋದವರೂ ಇದಾರೆ. ಇದನ್ನ ಅಪಾ ಹತ್ರ ಕೇಳ್ಬೇಡ, ಅವರೇ ಹೇಳಿದ್ರೆ ಕೇಳಿಸ್ಕೋ.

ಆ ಕಡೆ ರಷ್ಯಾದಲ್ಲಿ 2000ದ ನಂತರ ತೈಲದ ದುಡ್ಡು ಹರೀತು, ಕಟ್ಟಡ ಎದ್ದವು, ಆದ್ರೆ ದುಡಿಯೋ ವಯಸ್ಸಿನ ಜನ ಕಡಿಮೆ ಆಗ್ತಾ ಬಂದ್ರು. ವೀಸಾ ಬೇಡ, ಭಾಷೆ ಅಲ್ಪಸ್ವಲ್ಪ ಬರತ್ತೆ. ನೀರು ಇಳಿಜಾರಿಗೆ ಹರಿದ ಹಾಗೆ ಜನ ಹೋದ್ರು.

ಲೆಕ್ಕ ನೋಡು. ದೇಶದ ಜನಸಂಖ್ಯೆ 70 ಲಕ್ಷ ಚಿಲ್ಲರೆ, ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನ ಅರ್ಧದಷ್ಟು. ಹೊರಗಿದ್ದವರು ಕಳಿಸೋ ದುಡ್ಡು ಈಚೆಗೆ ವರ್ಷಕ್ಕೆ ಸುಮಾರು 300 ಕೋಟಿ ಡಾಲರ್, ಬಹುಪಾಲು ರಷ್ಯಾದಿಂದ. ಕೆಲವು ವರ್ಷ ಅದು ದೇಶದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗ ಮುಟ್ಟಿತ್ತು, ಪಕ್ಕದ ತಜಿಕಿಸ್ತಾನದಲ್ಲಿ ಅರ್ಧದ ಹತ್ತಿರ. ಇಡೀ ಜಗತ್ತಲ್ಲಿ ಅತಿ ಹೆಚ್ಚು ದುಡ್ಡು ಹೀಗೆ ತರಿಸ್ಕೊಳ್ಳೋ ದೇಶ ನಮ್ಮದು, ಆದ್ರೂ ನಮ್ಮ ಉತ್ಪನ್ನದಲ್ಲಿ ಅದು ನೂರಕ್ಕೆ ಮೂರು ಚಿಲ್ಲರೆ ಅಷ್ಟೇ. ಈ ವ್ಯತ್ಯಾಸ ಮನಸ್ಸಿಗೆ ಇಳಿದ್ರೆ ಸಾಕು, ಮಾಸ್ಕೋದಲ್ಲಿ ಒಂದು ಕಾನೂನು ಬದಲಾದ್ರೆ ಓಶ್‌ನ ಒಲೆ ಯಾಕೆ ಆರತ್ತೆ ಅಂತ ತಿಳಿಯತ್ತೆ. 2014ರ ಕೊನೇಲಿ ರೂಬಲ್ ಬಿತ್ತಲ್ಲ, ಡಾಲರ್‌ಗೆ 33ರ ಆಸುಪಾಸಿದ್ದದ್ದು 60 ದಾಟ್ತು, ಅಷ್ಟೇ ದುಡಿದ್ರೂ ಮನೆಗೆ ಬಂದಿದ್ದು ಅರ್ಧ.

ಇನ್ನೊಂದು, ನಂಗೆ ತುಂಬ ಮುಖ್ಯ ಅನ್ನಿಸೋದು. ತಜಿಕಿಸ್ತಾನದಿಂದ ಹೋಗೋರು ಹೆಚ್ಚಾಗಿ ಗಂಡಸರು. ಕಿರ್ಗಿಸ್ತಾನದಿಂದ ಹೋಗೋರಲ್ಲಿ ಹತ್ತಕ್ಕೆ ಸುಮಾರು ನಾಲ್ಕು ಜನ ಹೆಣ್ಮಕ್ಕಳು. ತಜಿಕ್ ಹಳ್ಳೀಲಿ ಕಾಯ್ತಾ ಕೂರೋಳು ಹೆಂಡತಿ, ಗಂಡ ಅಲ್ಲೇ ಇನ್ನೊಂದು ಸಂಸಾರ ಮಾಡ್ಕೊಂಡು ಫೋನ್‌ನಲ್ಲೇ ತಲಾಖ್ ಹೇಳಿದ ಪ್ರಕರಣಗಳು ಎಷ್ಟಾದ್ವು ಅಂದ್ರೆ ಅಲ್ಲಿಯ ಧಾರ್ಮಿಕ ಅಧಿಕಾರಿಗಳೇ ಎಸ್ಎಂಎಸ್ ತಲಾಖ್ ನಡೆಯಲ್ಲ ಅನ್ಬೇಕಾಯ್ತು. ಕಿರ್ಗಿಸ್ತಾನದಲ್ಲಿ ಗಂಡಹೆಂಡಿರು ಇಬ್ಬರೂ ಹೋಗ್ತಾರೆ, ಕಾಯ್ತಾ ಕೂರೋದು ಮಗು. ನಿನ್ನ ಆ ಐದು ವರ್ಷದ ಹುಡುಗ.

ಜನ ಹೋದ್ಮೇಲೆ ಅಲ್ಲಿಯ ಕೆಲಸ ಯಾರು ಮಾಡ್ತಾರೆ? ರಾಜಧಾನಿ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಗೆ, ಕಟ್ಟಡ ಕೆಲಸಕ್ಕೆ ಈಗ ಪಾಕಿಸ್ತಾನ, ಬಾಂಗ್ಲಾದೇಶದಿಂದ ಕೂಲಿಗಳು ಬರ್ತಿದಾರೆ. ಕೇರಳದವರು ಗಲ್ಫಿಗೆ ಹೋದ್ರು, ಕೇರಳಕ್ಕೆ ಬಂಗಾಳ ಅಸ್ಸಾಮಿನವರು ಬಂದ್ರಲ್ಲ, ಅದೇ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ಗುಂಪು ಹಾಸ್ಟೆಲ್‌ಗಳಿಗೆ ನುಗ್ಗಿದಾಗ ನಮ್ಮ ಮಕ್ಕಳೆಲ್ಲ ಬಾಗಿಲು ಹಾಕ್ಕೊಂಡು ಕೂತಿದ್ರು, ನಿಂಗೆ ನೆನಪಿರತ್ತೆ, ಆ ರಾತ್ರಿ ಏಟು ತಿಂದವರಲ್ಲಿ ಈ ಕೂಲಿಗಳೂ ಇದ್ರು. ಮಾಸ್ಕೋದಲ್ಲಿ ತಮ್ಮ ಅಣ್ಣತಮ್ಮಂದಿರು ಏನು ಅನುಭವಿಸ್ತಾರೋ ಅದನ್ನೇ ತಮ್ಮೂರಿಗೆ ಬಂದ ಪರದೇಶಿಗೆ ಮಾಡಿದ್ರು. ಅವರನ್ನ ಬೈಯೋಕೆ ನಂಗೆ ಬಾಯಿ ಬರಲ್ಲ, ಸಂಕಟ ಆಗತ್ತೆ.

ಗುರುಮಠಕಲ್_ಹುಡ್ಗ:

ಅಕ್ಕಾರ, ಸರ್ ಹೇಳಿದ್ದು ಖರೇ ಐತಿ. ನಾನು ಯಾದಗಿರಿ ಜಿಲ್ಲಾದವ. ನಮ್ಮ ಕಡಿ ದೀಪಾವಳಿ ಮುಗೀತಂದ್ರ ಊರಾಗ ಕೀಲಿ ಹಾಕಿದ ಮನಿನೇ ಜಾಸ್ತಿ, ಎಲ್ಲಾರೂ ಗುಳೆ. ನಮ್ಮವ್ವ ನಮ್ಮಪ್ಪ ಬೆಂಗಳೂರಿಗಿ ಬಿಲ್ಡಿಂಗ್ ಕೆಲಸಕ್ಕ ಹೋಗೋರು, ನಾನು ನಮ್ಮ ತಂಗಿ ಆಯಿ ಹತ್ರ. ಉಗಾದಿಗಿ ಬರೋರು. ಒಂದ್ಸಲ ಅವ್ವ ಬಸ್ಸಿನಿಂದ ಇಳಿದು ಕೈ ಚಾಚಿದ್ರ ನಮ್ಮ ತಂಗಿ ಆಯಿ ಸೀರಿ ಹಿಂದ ಹೋಗಿ ನಿಂತ್ಳು. ಅವ್ವ ಏನೂ ಅನ್ಲಿಲ್ಲ, ಚೀಲದಾಗಿಂದ ಬಿಸ್ಕಿಟ್ ಪುಡಾ ತಗದು ನೆಲದ ಮ್ಯಾಲ ಇಟ್ಟು ಸ್ವಲ್ಪ ದೂರ ಹೋಗಿ ಕುಂತ್ಳು. ನನಗ ಆಗ ಹತ್ತು ವರ್ಷ, ಇವತ್ತಿಗೂ ಆ ಪುಡಾ ಕಣ್ಣ ಮುಂದ ಐತಿ.

ಅದಕ್ಕ ಒಂದ್ ಮಾತು ಹೇಳ್ತೀನ್ರಿ, ಆ ಹುಡುಗ ಎಜೆ ಅಂತಾನ ಅಂತ ನೀವು ಅಳಬ್ಯಾಡ್ರಿ. ನಮ್ಮ ಓಣ್ಯಾಗೂ ಆಯಿಗಿ ಅವ್ವ ಅಂತಿದ್ವು, ಹಡೆದಾಕಿಗಿ ಅಕ್ಕ ಅಂತಿದ್ವು. ಹೆಸರು ಏನಾರ ಇರ್ಲಿ, ಕರಿಯಾಕ ಬಾಯಿ ಬಂದ್ರ ಸಾಕು. ಆ ಭಾನುವಾರದ ಫೋನು ಮಾತ್ರ ತಪ್ಪಿಸಬ್ಯಾಡ್ರಿ ಅಂತ ಅಪಾಗ ಹೇಳ್ರಿ. ನಮಗ ಫೋನ್ ಇದ್ದಿಲ್ಲ, ಅಂಗಡಿಯಾಂವ ಕರದ್ರ ಓಡಬೇಕಿತ್ತು.

ಮತ್ತ ಆ ಏಜೆಂಟ್. ಅಡ್ರೆಸ್ ಇಲ್ಲದ ಕಾಗದ ಅಂದ್ರಲ್ಲ, ಅಲ್ಲೇ ಮುಗೀತು. 2023ರ ಕೊನಿಗಿ ನಮ್ಮ ಬಾಜೂಕಿನ ಕಲಬುರಗಿ ಜಿಲ್ಲಾದ ಹುಡುಗ್ರು ರಷ್ಯಾದಾಗ ಸೆಕ್ಯೂರಿಟಿ, ಹೆಲ್ಪರ್ ಕೆಲಸ ಅಂತ ಏಜೆಂಟ್ ಮಾತು ನಂಬಿ ಹೋದ್ರು, ಕೈಯಾಗ ಬಂದೂಕು ಕೊಟ್ಟು ಉಕ್ರೇನ್ ಗಡಿಗಿ ಕಳಿಸಿದ್ರು. ಅವರು ವಾಪಸ್ ಬರಾಕ 2024ರ ಸೆಪ್ಟೆಂಬರ್ ಆಯ್ತು. ಅವರ ಮನ್ಯಾಗೂ ಯಾರೋ ಒಬ್ರು ಆ ಕಾಗದ ಓದಿ ನೋಡಿದ್ರ ಚಲೋ ಇತ್ತು. ನೀವು ಓದಾಕತ್ತೀರಿ, ಅದೇ ದೊಡ್ಡದು.

ಮೂಡಿಗೆರೆ_ಇನ್_ಕೆಂಟ್:

ಹಾಯ್, ನಾನು ಇಂಗ್ಲೆಂಡಿನ ಕೆಂಟ್‌ನಲ್ಲಿ ನರ್ಸ್. ಈ ಕೌಂಟಿ ತುಂಬ ಸ್ಟ್ರಾಬೆರಿ, ಚೆರ್ರಿ, ಸೇಬಿನ ತೋಟ, ಬೇಸಿಗೇಲಿ ನಮ್ಮ ಆಸ್ಪತ್ರೆಗೆ ಬರೋ ಬೆನ್ನುನೋವು, ಕೈ ಚರ್ಮದ ಅಲರ್ಜಿ ಕೇಸಲ್ಲಿ ಕಿರ್ಗಿಸ್ತಾನದ ಮಕ್ಕಳು ಬೇಕಾದಷ್ಟು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ, ಕೆಲಸ ನಿಜವಾಗ್ಲೂ ಇದೆ.

ಮುಂಚೆ ಈ ಕೆಲಸಕ್ಕೆ ಬರ್ತಿದ್ದವರು ಉಕ್ರೇನಿನವರು. 2022ರಲ್ಲಿ ಯುದ್ಧ ಶುರುವಾದ್ಮೇಲೆ ಅವರು ನಿಂತ್ರು, ಆ ಜಾಗಕ್ಕೆ ಕಿರ್ಗಿಸ್ತಾನ, ತಜಿಕಿಸ್ತಾನ, ಕಝಾಕಿಸ್ತಾನ, ಉಜ್ಬೇಕಿಸ್ತಾನದವರು ಬಂದ್ರು. 2023ರಲ್ಲಿ ಸೀಸನಲ್ ವರ್ಕರ್ ವೀಸಾ ತಗೊಂಡವರಲ್ಲಿ ಎಲ್ಲರಿಗಿಂತ ಜಾಸ್ತಿ ಇದ್ದಿದ್ದು ಕಿರ್ಗಿಸ್ತಾನದವರೇ.

ಆದ್ರೆ ನಿಯಮ ಸರಿಯಾಗಿ ತಿಳ್ಕೊಳ್ಳಿ. ಈ ವೀಸಾಗೆ ಸ್ಪಾನ್ಸರ್ ಮಾಡೋಕೆ ಬ್ರಿಟನ್ ಸರ್ಕಾರ ಕೆಲವೇ ಸಂಸ್ಥೆಗೆ ಅನುಮತಿ ಕೊಟ್ಟಿದೆ, ಅವರ ಹೆಸರು ಸರ್ಕಾರಿ ವೆಬ್‌ಸೈಟ್‌ನಲ್ಲೇ ಇದೆ. ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ಫೀಸ್ ತಗೊಳ್ಳೋ ಹಾಗೇ ಇಲ್ಲ, ಅದು ಇಲ್ಲಿಯ ಕಾನೂನು. ಕಟ್ಟಬೇಕಾಗಿರೋದು ವೀಸಾ ಫೀಸ್ (2025ರಲ್ಲಿ 319 ಪೌಂಡ್ ಇತ್ತು), ಮತ್ತೆ ವಿಮಾನದ ಟಿಕೆಟ್. 1,20,000 ಕೊಟ್ರೆ ಗ್ಯಾರಂಟಿ ಅಂತ ಯಾರು ಹೇಳಿದ್ರೂ ನಂಬಬೇಡಿ. ಕಿರ್ಗಿಸ್ತಾನದ ಕಾರ್ಮಿಕ ಇಲಾಖೆಯಡಿ ವಿದೇಶದಲ್ಲಿ ಕೆಲಸ ಕೊಡಿಸೋ ಸರ್ಕಾರಿ ಕೇಂದ್ರ ಇದೆ, ನಂಗೆ ಒಬ್ಬ ಪೇಷಂಟ್ ಹುಡುಗಿ ಹೇಳಿದ್ದು, ಅವಳು ಅದರ ಮೂಲಕವೇ ಬಂದಿದ್ಲು. ಅಲ್ಲಿ ಕೇಳಿ.

ಇಲ್ಲಿಯ ಬದುಕು ಹೇಗಿರತ್ತೆ ಅಂತಾನೂ ಹೇಳ್ಬೇಕು. ಆರು ತಿಂಗಳು ಮಾತ್ರ, ಆಮೇಲೆ ವಾಪಸ್ ಹೋಗ್ಲೇಬೇಕು, ಮನೆಯವರನ್ನ ಕರೆತರೋ ಹಾಗಿಲ್ಲ. ಇರೋದು ತೋಟದೊಳಗೇ ಕ್ಯಾರವಾನ್‌ನಲ್ಲಿ, ನಾಲ್ಕೈದು ಆರು ಜನ ಒಟ್ಟಿಗೆ. ಅದರ ಬಾಡಿಗೆ ಸಂಬಳದಲ್ಲೇ ಹಿಡೀತಾರೆ, 2025ರ ಲೆಕ್ಕದಲ್ಲಿ ದಿನಕ್ಕೆ 10.66 ಪೌಂಡ್ ಮೀರಿ ಹಿಡಿದ್ರೆ, ಮೀರಿದ್ದನ್ನ ಸಂಬಳದಿಂದ ಕಳೆದೇ ಕನಿಷ್ಠ ವೇತನ ಸಿಕ್ತಾ ಅಂತ ನೋಡೋದು. ಗಂಟೆಗೆ ಕನಿಷ್ಠ 12.21 ಪೌಂಡ್, ಇದು 2025ರ ಲೆಕ್ಕ, ವಾರಕ್ಕೆ 32 ಗಂಟೆ ಸಂಬಳ ಕೊಡ್ಲೇಬೇಕು, ಮಳೆ ಬಂದು ಹಣ್ಣು ಕೀಳದೇ ಹೋದ್ರೂ. ಅಂದ್ರೆ ವಾರಕ್ಕೆ 390 ಪೌಂಡ್ ಚಿಲ್ಲರೆ, ಬಾಡಿಗೆ ಸುಮಾರು 75 ಹೋದ್ರೆ ಉಳಿದಿದ್ರಲ್ಲಿ ಊಟ, ಟ್ಯಾಕ್ಸು ಎಲ್ಲಾ. ಸೀಸನ್ ಜೋರಿದ್ದಾಗ ಜಾಸ್ತಿ ಗಂಟೆ ಸಿಗತ್ತೆ.

ಕೆಲಸ ಬೆಳಗ್ಗೆ ಐದೂವರೆಗೇ, ಪ್ಲಾಸ್ಟಿಕ್ ಟನಲ್ ಒಳಗೆ, ಹೊತ್ತೇರಿದ್ರೆ ಬೆಂದುಹೋಗ್ತಾರೆ. ಇಷ್ಟು ಗಂಟೇಲಿ ಇಷ್ಟು ಕೆಜಿ ಕೀಳ್ಬೇಕು ಅಂತ ಟಾರ್ಗೆಟ್ ಇರತ್ತೆ. ನಮ್ಮೂರಲ್ಲಿ ಕಾಫಿ ಹಣ್ಣು ಕುಯ್ಯೋರು ಸಂಜೆ ಮೂಟೆ ತೂಕಕ್ಕೆ ಇಟ್ಟು ಮುಳ್ಳು ನೋಡ್ತಾ ನಿಂತಿರ್ತಾರಲ್ಲ, ಇಲ್ಲಿ ಆ ಮುಳ್ಳು ಪ್ರತಿಯೊಬ್ಬರ ಕೈಯಲ್ಲಿರೋ ಸ್ಕ್ಯಾನರ್‌ಗೆ ಹೋಗಿದೆ. ಟಾರ್ಗೆಟ್ ಮುಟ್ಟದವರನ್ನ ಮಧ್ಯಾಹ್ನಕ್ಕೇ ಕ್ಯಾರವಾನ್‌ಗೆ ಕಳಿಸಿದ ಕಥೆ ಎಷ್ಟೋ ಕೇಳಿದೀನಿ. ಮೊದಲ ಎರಡು ವಾರ ಎಲ್ಲರೂ ಅಳ್ತಾರೆ, ಸೊಂಟ ಹಿಡ್ಕೊಳ್ಳತ್ತೆ, ಆಮೇಲೆ ಕೈ ಕುದುರತ್ತೆ. ಸಾಲ ಮಾಡ್ಕೊಂಡು ಬಂದವರ ಕಷ್ಟ ಮಾತ್ರ ನೋಡೋಕಾಗಲ್ಲ, ಮೊದಲ ಎರಡು ಮೂರು ತಿಂಗಳು ಪೂರ್ತಿ ಸಾಲಕ್ಕೇ ಹೋಗತ್ತೆ. ಅದಕ್ಕೇ ಹೇಳೋದು, ಏಜೆಂಟ್‌ಗೆ ಒಂದು ಸೋಮ್ ಕೊಡ್ಬೇಡಿ.

ಬೆಣ್ಣೆದೋಸೆ_ಓಶ್:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಹತ್ತು ದಿನ ಆಯ್ತು ಬರೆದು, ಡ್ಯೂಟಿ ಜಾಸ್ತಿ ಇತ್ತು.

ಆ ಸರ್ಕಾರಿ ಕೇಂದ್ರಕ್ಕೆ ಹುಡುಗೀನೇ ಫೋನ್ ಮಾಡಿದ್ಲು. ಖಾಸಗಿ ಏಜೆನ್ಸಿಗಳಿಗೂ ಪರ್ಮಿಷನ್ ಬೇಕಂತೆ, ಪಟ್ಟಿ ಇದೆಯಂತೆ, ಇವನ ಹೆಸರು ಅದ್ರಲ್ಲಿ ಇಲ್ಲ. ಆಗ ಗೊತ್ತಾಗಿದ್ದು, ನಂಗೆ ಪೇಪರ್ ತೋರಿಸೋಕೆ ಮುಂಚೇನೇ ಅಪಾ 15,000 ಸೋಮ್ ಮುಂಗಡ ಕೊಟ್ಬಿಟ್ಟಿದಾರೆ, ಎರಡು ಕುರಿ ಮಾರಿ. ಫೋನ್ ಮಾಡಿದ್ರೆ ಅವನು ಎತ್ತುತ್ತಿಲ್ಲ. ಹುಡುಗಿ ಅವತ್ತು ಊಟ ಮಾಡ್ಲಿಲ್ಲ. ಅಪಾ ಏನೂ ಬೈಲಿಲ್ಲ, ರಾತ್ರಿ ಚಹಾ ಬಗ್ಗಿಸಿ ಅವಳ ಮುಂದಿಟ್ಟು, ಕುರಿ ಮತ್ತೆ ಈಯತ್ತೆ ಅಂದ್ರು, ಅಷ್ಟೇ.

ಮಾಸ್ಕೋ ಅಣ್ಣ, ನೀವು ಕೇಳಿದ್ದನ್ನ ಭಾನುವಾರದ ಕಾಲ್‌ನಲ್ಲಿ ಕೇಳಿದ್ವಿ. ಅವರಣ್ಣ ಪಾಸ್‌ಪೋರ್ಟ್ ತಗೊಂಡಿಲ್ಲ, ಹೋದ ವರ್ಷ ಅರ್ಜಿ ಹಾಕಿ ಆಮೇಲೆ ಹೆದರಿ ಬಿಟ್ಟನಂತೆ. ಅವನೂ ವಾಪಸ್ ಬರೋ ಯೋಚನೇಲಿದಾನೆ, ಬಿಷ್ಕೆಕ್‌ನಲ್ಲಿ ಈಗ ಕಟ್ಟಡ ಕೆಲಸ ಜೋರಿದೆ, ಗಾರೆಯವರಿಗೆ ಒಳ್ಳೇ ಕೂಲಿ ಅಂತ ಸ್ನೇಹಿತರು ಹೇಳಿದಾರಂತೆ. ಅಕ್ಕನ ಗೋಡೌನ್‌ನಲ್ಲಿ ಹಿಂದಿನ ಬಾಗಿಲಿದೆಯಂತೆ, ಬೀಗದ ವಿಷಯ ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, ನಾಳೆ ನೋಡ್ತೀನಿ ಅಂದ್ಲು. ನೋಡಿ ಮೆಸೇಜ್ ಮಾಡಿದಾಳೆ, ರಾತ್ರಿ ಪಾಳೀಲಿ ಬೀಗ ಹಾಕಿರ್ತಾರಂತೆ. ಅವಳು ಹಗಲು ಪಾಳಿಗೆ ಕೇಳ್ಕೊಂಡಿದಾಳೆ.

ಹುಡುಗಿ ಈಗ ಸರ್ಕಾರಿ ಕೇಂದ್ರದಲ್ಲೇ ಹೆಸರು ಬರೆಸಿದಾಳೆ. ರಾತ್ರಿ ನಾನು ವಾರ್ಡ್‌ನಿಂದ ಬಂದ್ಮೇಲೆ ಒಂದು ಗಂಟೆ ಇಂಗ್ಲಿಷ್ ಹೇಳ್ಕೊಡ್ತೀನಿ. ಸಾಲು, ಬುಟ್ಟಿ, ಕೆಂಪಗಿದೆ, ಇನ್ನೂ ಹಣ್ಣಾಗಿಲ್ಲ, ಬೆನ್ನು ನೋಯ್ತಿದೆ, ನನ್ನ ಪೇ ಸ್ಲಿಪ್ ಕೊಡಿ, ಇಷ್ಟು ಮೊದಲು. ಚಿಕ್ಕವನೂ ಪಕ್ಕದಲ್ಲಿ ಕೂತು ಎಲ್ಲಾನೂ ಜೋರಾಗಿ ಹೇಳ್ತಾನೆ. ಗುರುಮಠಕಲ್ ತಮ್ಮ, ನೀನು ಬರೆದಿದ್ದನ್ನ ಅಪಾಗೆ ನಂಗೆ ಬರೋ ಮುರುಕು ರಷ್ಯನ್‌ನಲ್ಲಿ ಹೇಳಿದೆ. ಬಿಸ್ಕೆಟ್ ಪುಡಾ ವಿಷಯ ಬಂದಾಗ ಸಾಕು ಅಂತ ಕೈ ಮಾಡಿದ್ರು.

ಕೆಂಟ್ ಅಕ್ಕ, ಒಂದೇ ಒಂದು ಪ್ರಶ್ನೆ. ಗಂಬೂಟು ಅಲ್ಲೇ ಕೊಡ್ತಾರಾ ಇಲ್ಲ ಇಲ್ಲಿಂದ ತರ್ಬೇಕಾ? ಅಪಾ ಬಜಾರಿಗೆ ಹೋಗಿ ಕೊಂಡ್ಕೊಂಡು ಬರ್ತೀನಿ ಅಂತ ಕೂತಿದಾರೆ.

ಮೂಡಿಗೆರೆ_ಇನ್_ಕೆಂಟ್:

ಕೆಲವು ತೋಟದಲ್ಲಿ ಕೊಡ್ತಾರೆ, ಕೆಲವು ಕಡೆ ದುಡ್ಡು ಹಿಡೀತಾರೆ. ಅಲ್ಲಿಂದಾನೇ ತರೋಕೆ ಹೇಳಿ, ಅವಳ ಕಾಲಿನ ಅಳತೆಗಿಂತ ಒಂದು ಸೈಜ್ ದೊಡ್ಡದು, ಒಳಗೆ ಉಣ್ಣೆ ಕಾಲುಚೀಲ ಹಾಕ್ಬೇಕಾಗತ್ತೆ, ಏಪ್ರಿಲ್‌ನಲ್ಲಿ ಬೆಳಗ್ಗೆ ಇಲ್ಲಿ ತುಂಬ ಚಳಿ. ಉಣ್ಣೆ ಕಾಲುಚೀಲ ಅಪಾ ಕೈಯಲ್ಲೇ ಹೆಣೆಸಿ, ಮೂರು ಜೊತೆ. ಕೆಂಟ್ ಕಡೆ ತೋಟ ಸಿಕ್ಕಿದ್ರೆ ಅವಳ ನಂಬರ್ ನಂಗೆ ಖಾಸಗಿಯಾಗಿ ಕಳಿಸಿ, ರಜೆ ದಿನ ಹೋಗಿ ನೋಡ್ಕೊಂಡು ಬರ್ತೀನಿ.